ಗರಿ ಬರುವ ತನಕ

ಬೆಳಿಗ್ಗೆ ಒಂಬತ್ತೂವರೆ. ಬೆಂಗಳೂರಿನ ಅಂಚಿನ ವನ್ಯಜೀವಿ ಚಿಕಿತ್ಸಾಲಯವೊಂದರ ಸ್ಟೀಲ್ ಮೇಜಿನ ಮೇಲೆ ಪಂಜರವೊಂದು ಬಂದು ಕೂತಿದೆ. ಗುಮ್ಮಟದ ಆಕಾರ, ಹಸಿರು ಪೇಂಟು, ನೇತುಹಾಕಲು ನೆತ್ತಿಯಲ್ಲೊಂದು ಕೊಕ್ಕೆ. ಒಂದೇ ಮಟ್ಟದಲ್ಲಿ ಸುತ್ತಲೂ ಪೇಂಟು ಎದ್ದುಹೋಗಿ ಕಂಬಿ ಮಿರುಗುತ್ತಿದೆ. ಒಳಗಿರುವ ಗಿಳಿಯ ಕೊಕ್ಕು ತಲುಪುವ ಎತ್ತರ ಅದು. ಪಂಜರ ತಂದ ತಾಯಿ ಬಾಗಿಲ ಬಳಿ ನಿಂತಿದ್ದಾರೆ. ಪಕ್ಕದಲ್ಲಿ ಎಂಟೊಂಬತ್ತು ವರ್ಷದ ಮಗ. ಹುಡುಗನ ತೋರುಬೆರಳಿಗೆ ಬ್ಯಾಂಡೇಜು.

ವೈದ್ಯೆ ಹಕ್ಕಿಯನ್ನು ಕೂಡಲೇ ಮುಟ್ಟುವುದಿಲ್ಲ. ಟೇಪು ತೆಗೆದು ಮೊದಲು ಪಂಜರವನ್ನು ಅಳೆಯುತ್ತಾರೆ. ಅಗಲ ಒಂದಡಿ, ಎತ್ತರ ಒಂದೂವರೆ ಅಡಿ. ಕಾರ್ಡಿನಲ್ಲಿ ಬರೆದುಕೊಳ್ಳುತ್ತಾರೆ. ಜೋಳದ ಹೊಲದ ಮೇಲೆ, ಮಾವಿನ ತೋಪಿನ ಮೇಲೆ ಕಿರುಚುತ್ತ ಹಿಂಡುಹಿಂಡಾಗಿ ಸಾಗುವ ನಮ್ಮ ಸಾಮಾನ್ಯ ಗಿಳಿ ಇದು. ಕೊಕ್ಕಿನಿಂದ ಬಾಲದ ತುದಿಗೆ ಸುಮಾರು 40 ಸೆಂಟಿಮೀಟರ್. ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ ಹತ್ತಿರಹತ್ತಿರ ಒಂದೂವರೆ ಅಡಿ. ಒಂದೂವರೆ ಅಡಿ ರೆಕ್ಕೆಯ ಹಕ್ಕಿ ಒಂದಡಿ ಅಗಲದೊಳಗೆ ಎರಡು ವರ್ಷ ಕಳೆದು ಬಂದಿದೆ. ಬಾಲದ ಗರಿಗಳು ಕಂಬಿಗೆ ತಾಗಿ ತಾಗಿ ಎಳೆಎಳೆಯಾಗಿ ಸೀಳಿವೆ.

"ಎಲ್ಲರೂ ಸ್ವಲ್ಪ ಹಿಂದೆ ನಿಲ್ಲಿ. ಸುಮ್ನೆ ನೋಡೋಣ," ಎನ್ನುತ್ತಾರೆ ವೈದ್ಯೆ.

ನೀವೂ ಹಿಂದೆ ಸರಿದು ಗೋಡೆಗೆ ಒರಗುತ್ತೀರಿ. ಗಿಳಿ ಕೋಲಿನ ಮೇಲೆ ಎಡಕ್ಕೆ ಮೂರು ಹೆಜ್ಜೆ ಇಡುತ್ತದೆ. ಕಂಬಿ ಎದುರಾದಾಗ ಕತ್ತನ್ನು ಮೇಲಕ್ಕೆ ತಿರುಚಿ ಒಂದು ಸುತ್ತು ಹಾಕುತ್ತದೆ. ಬಲಕ್ಕೆ ಮೂರು ಹೆಜ್ಜೆ. ಮತ್ತೆ ಕತ್ತಿನ ಸುತ್ತು. ಮತ್ತೆ ಎಡಕ್ಕೆ. ಹೆಜ್ಜೆ ಇಡುವ ಜಾಗವೂ ಬದಲಾಗುವುದಿಲ್ಲ, ಕತ್ತು ತಿರುಗುವ ದಿಕ್ಕೂ ಬದಲಾಗುವುದಿಲ್ಲ.

"ಅದು ಡ್ಯಾನ್ಸ್ ಮಾಡುತ್ತೆ ಮೇಡಂ," ತಾಯಿಯ ಮುಖದಲ್ಲಿ ಅಭಿಮಾನ ಇನ್ನೂ ಉಳಿದಿದೆ. "ಮನೆಗೆ ಬಂದೋರಿಗೆಲ್ಲ ಇದನ್ನೇ ತೋರಿಸ್ತಿದ್ವಿ. ಹೆಸರು ಗಿಣಿರಾಮ. ಕರೆದ್ರೆ ಇನ್ನೂ ಜೋರಾಗಿ ಮಾಡುತ್ತೆ."

ವೈದ್ಯೆ ಅವರ ಕಡೆ ತಿರುಗಿ ಮೆತ್ತಗೆ ಹೇಳುತ್ತಾರೆ: "ಡ್ಯಾನ್ಸ್ ಅಲ್ಲ ಅಮ್ಮಾ. ಹೋಗಬೇಕು ಅನ್ನಿಸುತ್ತೆ, ಹೊರಡುತ್ತೆ, ಜಾಗ ಮುಗಿದುಹೋಗುತ್ತೆ. ತಿರುಗುತ್ತೆ. ಅದನ್ನೇ ದಿನಕ್ಕೆ ಸಾವಿರ ಸಲ ಮಾಡಿದ್ರೆ ಹೀಗಾಗುತ್ತೆ."

ಟವೆಲಿನಲ್ಲಿ ಹಕ್ಕಿಯನ್ನು ಹಿಡಿದಾಗ ಕೊಠಡಿ ತುಂಬ ಕಿರುಚಾಟ. ಸಹಾಯಕ ತಲೆಯ ಹಿಂದೆ ಎರಡು ಬೆರಳಿಟ್ಟು, ಎದೆ ಒತ್ತದಂತೆ ಮೈಯನ್ನು ಅಂಗೈಯಲ್ಲಿ ಹಿಡಿದುಕೊಳ್ಳುತ್ತಾನೆ. ಹಕ್ಕಿಗೆ ವಪೆಯಿಲ್ಲ, ಎದೆಗೂಡು ಹಿಂದೆ ಮುಂದೆ ಆಡಿದರೆ ಮಾತ್ರ ಉಸಿರು. ಬಿಗಿಹಿಡಿದ ಕೈಯಲ್ಲಿ ಹಕ್ಕಿ ಉಸಿರುಗಟ್ಟಿ ಸಾಯಬಹುದು. ವೈದ್ಯೆ ಬಲರೆಕ್ಕೆಯನ್ನು ನಿಧಾನವಾಗಿ ಬೀಸಣಿಗೆಯಂತೆ ಬಿಚ್ಚುತ್ತಾರೆ.

ಗಿಳಿಯ ಒಂದೊಂದು ರೆಕ್ಕೆಯ ತುದಿಯಲ್ಲೂ ಹತ್ತು ಉದ್ದ ಗರಿಗಳಿರಬೇಕು. ಮುಂದಕ್ಕೆ ನೂಕುವ ಬಲ ಹುಟ್ಟುವುದು ಇವುಗಳಿಂದಲೇ. ಇಲ್ಲಿ ಹೊರಗಿನ ಏಳು ಒಂದೇ ಗೆರೆಯಲ್ಲಿ ಕತ್ತರಿಸಿಹೋಗಿವೆ. ಉಳಿದ ಮೋಟುಗಳ ಬಾಯಿ ಟೊಳ್ಳಾಗಿ ಬೆಳ್ಳಗೆ ಕಾಣುತ್ತದೆ. ಎಡರೆಕ್ಕೆಯಲ್ಲೂ ಹಾಗೆಯೇ.

"ರಕ್ತ ಬರಲ್ಲ, ನೋವಾಗಲ್ಲ, ಉಗುರು ಕತ್ತರಿಸಿದ ಹಾಗೆ ಅಂದ್ರು ಮಾರಿದವ್ರು," ತಾಯಿ ಹೇಳುತ್ತಾರೆ.

ಆ ಮಾತಿನಲ್ಲಿ ಅರ್ಧ ನಿಜವಿದೆ. ಪೂರ್ತಿ ಬೆಳೆದ ಗರಿಯಲ್ಲಿ ರಕ್ತವಿಲ್ಲ, ನರವಿಲ್ಲ. ಕತ್ತರಿ ಆಡಿಸಿದರೆ ನೋಯುವುದಿಲ್ಲ. ಆದರೆ ಕತ್ತರಿಸಿದ ಉಗುರು ಮರುದಿನದಿಂದಲೇ ಬೆಳೆಯುತ್ತದೆ. ಗರಿ ಬೆಳೆಯುವುದಿಲ್ಲ. ಮೋಟು ಬುಡ ತಾನಾಗಿ ಉದುರುವ ತನಕ, ಅಂದರೆ ವರ್ಷಕ್ಕೊಮ್ಮೆ ಗರಿ ಬದಲಿಸುವ ಕಾಲ ಬರುವ ತನಕ, ಅದು ಹಾಗೇ ಉಳಿಯುತ್ತದೆ. ಹೊಸ ಗರಿ ಬಂದ ಮೇಲೂ ಯಾರಾದರೂ ಮತ್ತೆ ಕತ್ತರಿ ಹಿಡಿದರೆ ಹಕ್ಕಿಯ ಇಡೀ ಆಯುಷ್ಯ ಮೋಟುಗಳಲ್ಲೇ ಮುಗಿಯುತ್ತದೆ.

ಇನ್ನೊಂದು ಸಂಗತಿಯನ್ನು ವೈದ್ಯೆ ವಿಚಾರಿಸಿಯೇ ತಿಳಿಯಬೇಕು. "ತಂದಾಗ ಎಷ್ಟು ಮರಿ?"

"ಪುಟ್ಟದು ಮೇಡಂ. ಪುಕ್ಕ ಆಗತಾನೇ ಬರ್ತಿತ್ತು. ನಾವೇ ತುತ್ತು ಕೊಟ್ವಿ."

ಮರದ ಪೊಟರೆಯಲ್ಲಿ ಹುಟ್ಟುವ ಗಿಳಿಮರಿ ಹೆಚ್ಚುಕಡಿಮೆ ಏಳು ವಾರಕ್ಕೆ ಹೊರಗೆ ಹಾರುತ್ತದೆ. ಮೊದಮೊದಲು ಕೊಂಬೆ ತಪ್ಪಿ ಬೀಳುತ್ತದೆ, ಎಲೆಗಳ ಮೇಲೆ ಅಪ್ಪಳಿಸುತ್ತದೆ. ಬಾಲ ಅಗಲಿಸಿ, ರೆಕ್ಕೆ ಮುಂದಕ್ಕೆ ಬಡಿದು ವೇಗ ತಗ್ಗಿಸುವುದನ್ನು ಆ ದಿನಗಳಲ್ಲೇ ಕಲಿಯುತ್ತದೆ. ಈ ಹಕ್ಕಿ ಪೊಟರೆಯಿಂದ ನೇರವಾಗಿ ಪಂಜರಕ್ಕೆ ಬಂತು, ಹಾರುವ ಮೊದಲೇ ಗರಿ ಕಳೆದುಕೊಂಡಿತು. ಏರುವುದೂ ಗೊತ್ತಿಲ್ಲ, ಇಳಿಯುವುದೂ ಗೊತ್ತಿಲ್ಲ. ಗೊತ್ತಿರುವುದು ಬೀಳುವುದೊಂದೇ. ವೈದ್ಯೆ ನಿಮ್ಮ ಬೆರಳನ್ನು ಹಿಡಿದು ಅದರ ಎದೆಯ ನಡುವೆ ಇಡುತ್ತಾರೆ. ನಡುಮೂಳೆ ಎದ್ದು ಚೂಪಾಗಿ ಸಿಗುತ್ತದೆ. ಅದರ ಇಕ್ಕೆಲಗಳಲ್ಲಿ ಉಬ್ಬಿರಬೇಕಾದ ಹಾರಾಟದ ಸ್ನಾಯುಗಳು ಇಳಿದುಹೋಗಿವೆ. ಮೂಳೆಯ ಮೇಲಿನ ಚರ್ಮ ದಪ್ಪಗಟ್ಟಿ ಗಂಟಾಗಿದೆ. ಮೇಜಿನಿಂದ, ಸೋಫಾದಿಂದ, ಹುಡುಗನ ಭುಜದಿಂದ ಜಿಗಿದಾಗಲೆಲ್ಲ ನೆಲಕ್ಕೆ ಮೊದಲು ತಾಗಿದ್ದು ಈ ಜಾಗ.

ಎದೆಯ ಮೇಲೆ ಪುಕ್ಕವೇ ಇಲ್ಲದ ಬೋಳು ಜಾಗವೊಂದಿದೆ, ನಾಲ್ಕಾಣೆಯಷ್ಟು ಅಗಲ. ತಲೆಯ ಪುಕ್ಕ ಮಾತ್ರ ಹೊಳಪಾಗಿ ದಟ್ಟವಾಗಿದೆ. ರೋಗದಿಂದ ಪುಕ್ಕ ಉದುರಿದ್ದರೆ ತಲೆಯಲ್ಲೂ ಉದುರಬಹುದಿತ್ತು. ಕೊಕ್ಕು ತಲುಪದ ಜಾಗ ತಲೆಯೊಂದೇ. ತಲೆ ಬಿಟ್ಟು ಉಳಿದೆಡೆ ಬೋಳಾಗಿದ್ದರೆ ಕಿತ್ತದ್ದು ಹಕ್ಕಿಯೇ ಎಂಬ ಅನುಮಾನ ಬಲವಾಗುತ್ತದೆ. ಆದರೂ ವೈದ್ಯೆ ಚರ್ಮದ ಹುಳು, ಸೋಂಕು, ಯಕೃತ್ತಿನ ತೊಂದರೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಪರೀಕ್ಷೆಗೆ ಬರೆಯುತ್ತಾರೆ.

"ಇದು ಕಚ್ಚೋಕೆ ಶುರು ಮಾಡಿದ್ದು ಯಾವಾಗ ಪುಟ್ಟಾ?" ಈ ಪ್ರಶ್ನೆ ಹುಡುಗನಿಗೆ.

"ಮೊದ್ಲು ತುಂಬ ಸಾಧು ಇತ್ತು ಡಾಕ್ಟ್ರೇ. ಸುಮ್ನೆ ಕೈ ಮೇಲೆ ಕೂರ್ತಿತ್ತು. ಈಗ ಕೈ ಹಾಕಿದ್ರೆ ಸಾಕು..."

"ನಿಂಗೆ ಭಯ ಆದ್ರೆ ಏನು ಮಾಡ್ತೀಯ?"

"ಓಡ್ತೀನಿ."

"ಹಕ್ಕಿ ಹಾರಿಹೋಗುತ್ತೆ. ಭಯ ಆದಾಗ ಅದು ಮೊದಲು ಮಾಡೋ ಕೆಲಸವೇ ಅದು. ಹಾರೋಕೆ ಆಗದಿದ್ರೆ ಉಳಿಯೋದು ಎರಡೇ ದಾರಿ. ಅಲ್ಲಾಡದೆ ಕೂತುಬಿಡೋದು, ಇಲ್ಲ ಕಚ್ಚೋದು. ಮೊದಲು ಸುಮ್ನೆ ಕೂತು ನೋಡಿದೆ. ಕೈ ಬರೋದು ನಿಲ್ಲಲಿಲ್ಲ. ಆಮೇಲೆ ಕಚ್ಚಿ ನೋಡಿದೆ. ಕೈ ಹಿಂದೆ ಹೋಯ್ತು."

ಹುಡುಗ ತನ್ನ ಬೆರಳನ್ನು ನೋಡಿಕೊಳ್ಳುತ್ತಾನೆ.

ಎರಡು ವರ್ಷ ಒಂದು ಮನೆಯವರು ಹಕ್ಕಿಯ ಗುಣ ಎಂದುಕೊಂಡ ನಾಲ್ಕು ಸಂಗತಿಗಳು ಹತ್ತು ನಿಮಿಷದಲ್ಲಿ ಈ ಮೇಜಿನ ಮೇಲೆ ಬೇರೆಯಾಗಿ ಕಾಣತೊಡಗಿವೆ. ಸಾಧುತನ, ನಾಟ್ಯ, ಸಿಟ್ಟು, ಪುಕ್ಕ ಕೀಳುವ ಚಟ: ಹಕ್ಕಿ ಹುಟ್ಟುವಾಗ ಇವುಗಳಲ್ಲಿ ಒಂದನ್ನೂ ತಂದಿರಲಿಲ್ಲ. ಕತ್ತರಿ ಎರಡನ್ನು ಕೊಟ್ಟಿತು, ಪಂಜರ ಎರಡನ್ನು ಕೊಟ್ಟಿತು. ದೇವಸ್ಥಾನದ ಎದುರಿನ ಗಿಳಿಶಾಸ್ತ್ರವನ್ನು ನೀವೂ ನೋಡಿರುತ್ತೀರಿ. ಪುಟ್ಟ ಮರದ ಪೆಟ್ಟಿಗೆಯ ಬಾಗಿಲು ತೆರೆಯುತ್ತದೆ, ಗಿಳಿ ನಡೆದು ಬರುತ್ತದೆ, ಒಂದು ಚೀಟಿ ಎಳೆದು ಕಾಳು ತಿಂದು ತಾನಾಗಿಯೇ ಒಳಗೆ ಹೋಗುತ್ತದೆ. ಬಾಗಿಲು ತೆರೆದಿದ್ದರೂ ಹಾರಿಹೋಗುವುದಿಲ್ಲವಲ್ಲ ಎಂದು ನೆರೆದವರು ಬೆರಗಾಗುತ್ತಾರೆ. ಅದರ ರೆಕ್ಕೆಯನ್ನು ಬಿಚ್ಚಿ ನೋಡುವವರಿಲ್ಲ. ಗರಿಯಿಲ್ಲದ ಹಕ್ಕಿಗೆ ಬಯಲು ಎಂದರೆ ಬೆಕ್ಕು, ನಾಯಿ, ಕಾಗೆ. ಪೆಟ್ಟಿಗೆಯೊಳಗೆ ಕನಿಷ್ಠ ನಾಲ್ಕು ಗೋಡೆಯಿದೆ.

ಫಾರಂ ತುಂಬುವಾಗ ತಾಯಿಯ ಕೈ ನಡುಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈ ಗಿಳಿಯನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿಟ್ಟುಕೊಳ್ಳುವುದು ಮೂರೂ ಅಪರಾಧ ಎಂದು ಅವರಿಗೆ ತಿಳಿದದ್ದು ಮೊನ್ನೆ ಮೊನ್ನೆ, ಪಕ್ಕದ ಮನೆಯವರಿಂದ. "ತಂದುಕೊಟ್ರಲ್ಲ, ಅದು ದೊಡ್ಡದು," ಎಂದು ವೈದ್ಯೆ ಸಹಿ ಹಾಕುವ ಜಾಗ ತೋರಿಸುತ್ತಾರೆ. ಅರಣ್ಯ ಇಲಾಖೆಗೆ ಮಾಹಿತಿ ಹೋಗುತ್ತದೆ. ಹಕ್ಕಿ ಒಳಗೆ ಹೋಗುತ್ತದೆ. ನೀವೂ ಅದರ ಹಿಂದೆ ಹೊರಡುತ್ತೀರಿ.

ಎರಡನೆಯ ಕೋಣೆ. ಇಲ್ಲಿ ಪಂಜರ ಮೂರು ಅಡಿ ಉದ್ದ, ಚೌಕ. ದುಂಡು ಪಂಜರದಲ್ಲಿ ಹಕ್ಕಿಗೆ ಬೆನ್ನು ಕೊಟ್ಟು ಕೂರಲು ಮೂಲೆಯಿಲ್ಲ, ನಾಲ್ಕೂ ಕಡೆಯಿಂದ ನೋಟ ಬೀಳುತ್ತದೆ. ಆದ್ದರಿಂದ ಇಲ್ಲಿ ಒಂದು ಪಕ್ಕಕ್ಕೆ ಬಟ್ಟೆ ಇಳಿಬಿಟ್ಟಿದ್ದಾರೆ. ಉದ್ದಕ್ಕೂ ಸೀಬೆಯ ಕೊಂಬೆ. ಗಿಣಿರಾಮನನ್ನು ಒಳಗೆ ಬಿಟ್ಟು ಸಹಾಯಕ ಬಾಗಿಲು ಹಾಕುತ್ತಾನೆ. ಅಷ್ಟಗಲ ಜಾಗ ಸಿಕ್ಕ ಹಕ್ಕಿ ಈಗೇನು ಮಾಡುತ್ತದೆ?

ಕೊಂಬೆಯ ನಡುವೆ ನಿಂತು ಎಡಕ್ಕೆ ಮೂರು ಹೆಜ್ಜೆ. ಕತ್ತಿನ ಸುತ್ತು. ಬಲಕ್ಕೆ ಮೂರು ಹೆಜ್ಜೆ.

ಎದುರಿಗೆ ಕಂಬಿಯಿಲ್ಲ. ಇನ್ನೂ ಒಂದಡಿ ಕೊಂಬೆ ಖಾಲಿ ಬಿದ್ದಿದೆ. ಹಳೆಯ ಪಂಜರದ ಗೋಡೆ ಇದ್ದ ಜಾಗಕ್ಕೇ ಬಂದು ಅದು ತಿರುಗುತ್ತದೆ. ನೋಡುತ್ತ ನಿಂತ ನಿಮಗೆ ಗಂಟಲು ಕಟ್ಟುತ್ತದೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನಲ್ಲಿ ಜೋಸೆಫ್ ಗಾರ್ನರ್, ಷೆರಿಲ್ ಮೀಹನ್, ಜಾಯ್ ಮೆಂಚ್ ಅವರು ಪಂಜರದ ಅಮೆಜಾನ್ ಗಿಳಿಗಳ ಮೇಲೆ ನಡೆಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಒಂದೇ ಚಲನೆಯನ್ನು ಹೆಚ್ಚು ಹೆಚ್ಚು ಪುನರಾವರ್ತಿಸುವ ಹಕ್ಕಿಗಳು ಬೇರೊಂದು ಪರೀಕ್ಷೆಯಲ್ಲೂ ಮಾಡಿದ ಆಯ್ಕೆಯನ್ನೇ ಮತ್ತೆ ಮತ್ತೆ ಮಾಡುತ್ತಿದ್ದವು. ಬಿಟ್ಟು ಬೇರೆಯದಕ್ಕೆ ಹೊರಳುವುದು ಅವುಗಳಿಗೆ ಕಷ್ಟವಾಗಿತ್ತು. ಬರಡು ಪಂಜರದ ಪರಿಣಾಮ ಕಾಲಿನ ಅಭ್ಯಾಸಕ್ಕೆ ನಿಲ್ಲುವುದಿಲ್ಲ, ಮಿದುಳು ಕೆಲಸ ಮಾಡುವ ರೀತಿಯವರೆಗೂ ಹೋಗುತ್ತದೆ ಎಂಬ ಸೂಚನೆ ಇದು. ಬಾಗಿಲು ತೆರೆದ ದಿನವೇ ಹಕ್ಕಿ ಬಿಡುಗಡೆಯಾಗುವುದಿಲ್ಲ ಎಂಬುದಕ್ಕೆ ಇದೂ ಒಂದು ಕಾರಣವಿರಬಹುದು.

ಮೂರನೆಯ ಕೋಣೆಗೆ ಕಾಲಿಟ್ಟ ಕೂಡಲೇ ಸದ್ದು ಬದಲಾಗುತ್ತದೆ. ಕಿರುಚಾಟವಿಲ್ಲ, ಕಟಕಟ, ಪರಪರ ಸದ್ದು. ಕೆಲವು ತಿಂಗಳ ಹಿಂದೆ ಬಂದ ಗಿಳಿಗಳ ಕೋಣೆ ಇದು. ನವಣೆಯ ತೆನೆಗಳು ಇಳಿಬಿದ್ದಿವೆ. ಸಿಪ್ಪೆ ಸುಲಿಯದ ಜೋಳದ ತೆನೆ, ಬಲಿತ ಹುಣಸೆಕಾಯಿ, ಎಲೆ ಸಮೇತ ಬೇವಿನ ಕೊಂಬೆ. ತೂತು ಕೊರೆದ ತೆಂಗಿನ ಕರಟದೊಳಗೆ ನೆನೆಸಿದ ಕಡಲೆಕಾಳು. ಬಟ್ಟಲಿನಲ್ಲಿ ಮಾತ್ರ ಏನೂ ಇಲ್ಲ. ಒಂದು ಗಿಳಿ ತಲೆಕೆಳಗಾಗಿ ನೇತು ಕರಟವನ್ನು ಕಾಲಿನಲ್ಲಿ ಹಿಡಿದು, ಕಾಳು ಹೊರಬರುವ ಕೋನ ಹುಡುಕುತ್ತಿದೆ. ಸಿಕ್ಕಿತು. ಮತ್ತೊಂದಕ್ಕೆ ಕರಟ ತಿರುಗಿಸುತ್ತದೆ.

ಕಾಡಿನಲ್ಲಿ ಅಮೆಜಾನ್ ಗಿಳಿಗಳಿಗೆ ಆಹಾರ ಹುಡುಕುವುದೇ ದಿನಕ್ಕೆ ನಾಲ್ಕರಿಂದ ಆರು ಗಂಟೆಯ ಕೆಲಸ. ಬಟ್ಟಲಿಗೆ ಕಾಳು ಸುರಿದರೆ ತಿಂಡಿ ಬೇಗನೇ ಮುಗಿದು, ಉಳಿದ ಹೊತ್ತೆಲ್ಲ ಖಾಲಿ. ಆ ಖಾಲಿ ಹೊತ್ತಿನಲ್ಲಿ ಕೊಕ್ಕು ತನ್ನ ಮೈಯನ್ನೇ ಹುಡುಕತೊಡಗುತ್ತದೆ. ಡೇವಿಸ್‌ನ ಮೀಹನ್, ಮೆಂಚ್ ಮತ್ತು ಸಂಗಡಿಗರು ಎಳೆಯ ಹಕ್ಕಿಗಳನ್ನು ಎರಡು ಬಗೆಯ ಪಂಜರಗಳಲ್ಲಿ ಬೆಳೆಸಿದರು: ಒಂದು ಬರಿದು, ಇನ್ನೊಂದರಲ್ಲಿ ಹುಡುಕಿ ತಿನ್ನುವ ಕೆಲಸ ಮತ್ತು ಏರಿ ಇಳಿಯಲು ಬಗೆಬಗೆಯ ನೆಲೆ. ಬರಿದಾದ ಪಂಜರದವು ಪುಕ್ಕ ಕಿತ್ತುಕೊಂಡವು. ಅವನ್ನು ಎರಡನೆಯ ಬಗೆಗೆ ಸಾಗಿಸಿದಾಗ ಪುಕ್ಕ ಮತ್ತೆ ಬಂತು. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಜಾರ್ಜಿಯಾ ಮೇಸನ್ ಮತ್ತು ಸಂಗಡಿಗರು 2021ರಲ್ಲಿ ಸಾವಿರಕ್ಕೂ ಹೆಚ್ಚು ಸಾಕುಗಿಳಿಗಳ ಮಾಹಿತಿಯನ್ನು ಜಾತಿವಾರು ಹೋಲಿಸಿ ನೋಡಿದರು. ಕಾಡಿನಲ್ಲಿ ಸುಲಿದು, ಒಡೆದು, ಕಷ್ಟಪಟ್ಟು ತಿನ್ನುವ ಜಾತಿಗಳೇ ಪಂಜರದಲ್ಲಿ ಹೆಚ್ಚು ಪುಕ್ಕ ಕೀಳುತ್ತವೆ. ಮೈಗೆ ಹೋಲಿಸಿದರೆ ಮಿದುಳು ದೊಡ್ಡದಾದ ಜಾತಿಗಳೇ ಹೆಚ್ಚಾಗಿ ಒಂದೇ ಚಲನೆಯಲ್ಲಿ ಸಿಕ್ಕಿಬೀಳುತ್ತವೆ. ಜಾಣ ಹಕ್ಕಿ ಎಂದು ನಾವು ಯಾವುದನ್ನು ಆರಿಸಿ ತರುತ್ತೇವೋ ಅದಕ್ಕೇ ಪಂಜರ ಹೆಚ್ಚು ಭಾರ.

ಹೊರಗೆ ಬಿಸಿಲೇರಿದೆ. ಮುಂದಿನದು ಮೂವತ್ತು ಅಡಿ ಉದ್ದದ ಜಾಲರಿ ಕೊಠಡಿ. ಇಲ್ಲಿರುವ ಹಕ್ಕಿಗಳಿಗೆ ಹೊಸ ಗರಿ ಮೂಡುತ್ತಿದೆ. ನೀಲಿ ಬಣ್ಣದ ಪೊರೆಯೊಳಗೆ ಸುತ್ತಿಕೊಂಡು ಬರುವ ಎಳೆಗರಿ ಅದು. ಬೆಳೆಯುವಷ್ಟು ದಿನ ಅದರಲ್ಲಿ ರಕ್ತ ಹರಿಯುತ್ತದೆ. ಆರೋಗ್ಯವಂತ ಹಕ್ಕಿಯಲ್ಲಿ ಒಂದೆರಡೇ ಗರಿ ಉದುರಿ, ಅಕ್ಕಪಕ್ಕದ ಬಲಿತ ಗರಿಗಳ ಆಸರೆಯಲ್ಲಿ ಎಳೆಯದು ಬೆಳೆಯುತ್ತದೆ. ಕತ್ತರಿಸಿದ ರೆಕ್ಕೆಯಲ್ಲಿ ಆಸರೆಯೇ ಇಲ್ಲ.

ಒಂದು ಗಿಳಿ ಈ ತುದಿಯಿಂದ ಹೊರಡುತ್ತದೆ. ರೆಕ್ಕೆ ಬಡಿತ ಜೋರು, ಏರಿಕೆ ಕಡಿಮೆ. ಅರ್ಧ ದಾರಿಗೆ ಬಾಲ ಇಳಿಯುತ್ತದೆ. ಕೊಂಬೆ ಸಿಗುವುದಿಲ್ಲ. ಜಾಲರಿಗೆ ಬಡಿದು ಕೆಳಗೆ ಬೀಳುತ್ತದೆ. ಮರಳಿನ ಮೇಲೆ ಕೆಂಪು ಹನಿ. ಸಹಾಯಕ ಓಡಿಹೋಗಿ ಹಿಡಿದು, ಮುರಿದ ಎಳೆಗರಿಯ ಬುಡವನ್ನು ಹತ್ತಿಯಿಂದ ಒತ್ತಿಹಿಡಿಯುತ್ತಾನೆ. ಹನಿ ಹನಿ ರಕ್ತವೂ ನೂರಿಪ್ಪತ್ತು ಗ್ರಾಂ ತೂಗುವ ಮೈಗೆ ಸಣ್ಣದಲ್ಲ. ರಕ್ತ ನಿಲ್ಲುತ್ತದೆ. ಆ ಒಂದು ಗರಿಗಾಗಿ ಮತ್ತೆ ಕಾಯಬೇಕು.

ಕಾಯುವುದನ್ನು ಕಡಿಮೆ ಮಾಡಲು ಒಂದು ಹಳೆಯ ದಾರಿಯಿದೆ. ಬೇಟೆಗೆ ಡೇಗೆ ಸಾಕುತ್ತಿದ್ದವರು ಶತಮಾನಗಳಿಂದ ಬಲ್ಲ ದಾರಿ. ಬೇರೆ ಹಕ್ಕಿ ಉದುರಿಸಿದ ಅದೇ ಸ್ಥಾನದ ಗರಿಯನ್ನು ತಂದು, ನಡುವೆ ಬಿದಿರಿನ ಸಣ್ಣ ಕಡ್ಡಿ ಇಟ್ಟು, ಮೋಟಿನ ಟೊಳ್ಳಿಗೆ ಅಂಟು ಹಚ್ಚಿ ಜೋಡಿಸುವುದು. ವೈದ್ಯೆಯ ಕಪಾಟಿನಲ್ಲಿ ಎಡ, ಬಲ, ಒಂದರಿಂದ ಹತ್ತು ಎಂದು ಬರೆದ ಲಕೋಟೆಗಳಲ್ಲಿ ಹಸಿರು ಗರಿಗಳಿವೆ. ಆದರೆ ಸ್ನಾಯು ಗಟ್ಟಿಯಾಗಿರುವ, ಹಾರಾಟ ಮೊದಲೇ ಗೊತ್ತಿರುವ ಹಕ್ಕಿಗೆ ಇದರ ಉಪಯೋಗ ಹೆಚ್ಚು. ಗಿಣಿರಾಮನಿಗೆ ಗರಿಗಿಂತ ಮೊದಲು ಎದೆ ಬೇಕು.

ಕೊನೆಯ ಆವರಣ ದೊಡ್ಡದು. ಒಳಗೇ ಎರಡು ಮರಗಳಿವೆ. ನೀವು ಜಾಲರಿಯ ಹತ್ತಿರ ಹೋಗುವ ಮುನ್ನವೇ ಹತ್ತಾರು ಗಿಳಿಗಳು ಒಟ್ಟಿಗೆ ಎದ್ದು ಆಚೆ ಮರಕ್ಕೆ ಹೋಗಿ ಕೂರುತ್ತವೆ. ಇವುಗಳಲ್ಲೂ ಕೆಲವು ಒಂದು ಕಾಲಕ್ಕೆ ಮನುಷ್ಯರ ಕೈ ಕಚ್ಚಿದವು, ಕಂಬಿ ಕಡಿದವು. ಇಲ್ಲಿ ಯಾವುದೂ ಕಚ್ಚುವುದಿಲ್ಲ, ಏಕೆಂದರೆ ಯಾವುದೂ ನಿಮ್ಮ ಹತ್ತಿರ ಉಳಿಯುವುದಿಲ್ಲ. ಹೆದರಿಕೆ ಬಂದಾಗ ದೂರ ಹೋದವು. ದೂರ ಹೋದ ಮೇಲೆ ಹೆದರಿಕೆ ಮುಗಿಯಿತು, ಕೊಕ್ಕು ಬೇವಿನ ಹಣ್ಣಿಗೆ ಮರಳಿತು. ಹಾರಾಟ ಹಕ್ಕಿ ಸಾಗುವ ದಾರಿ ಮಾತ್ರವಲ್ಲ, ಅದರ ಮನಸ್ಸಿನ ಸಮಾಧಾನವೂ ಹೌದು ಎಂಬುದಕ್ಕೆ ಇಷ್ಟು ಸ್ಪಷ್ಟವಾದ ಸಾಕ್ಷಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಮನುಷ್ಯರ ಮಾತನ್ನು ಹುಡುಕಿಕೊಂಡು ಬರುವ ಹಕ್ಕಿಯನ್ನು ಇಲ್ಲಿಂದ ಹೊರಗೆ ಬಿಡುವುದಿಲ್ಲ. ದೂರ ಹೋಗಲು ಕಲಿತದ್ದು, ಹಿಂಡಿನೊಳಗೆ ಬೆರೆತದ್ದು ಮಾತ್ರ ಆಕಾಶಕ್ಕೆ ಅರ್ಹ. ಕೆಲವು ಎಂದೂ ಅಲ್ಲಿಗೆ ಮುಟ್ಟುವುದಿಲ್ಲ. ಅವು ಇಂಥ ಆವರಣಗಳಲ್ಲೇ ಬಾಳುತ್ತವೆ.

ಮಧ್ಯಾಹ್ನ ಹನ್ನೆರಡಾದರೂ ತಾಯಿ, ಮಗ ಹೋಗಿಲ್ಲ. ಕಚೇರಿಯ ಬೆಂಚಿನ ಮೇಲೆ ಕಾದಿದ್ದಾರೆ.

"ಮೇಡಂ, ಮನೇಲಿ ಒಂದು ಜೊತೆ ಲವ್ ಬರ್ಡ್ಸೂ ಇದೆ. ಅವನ್ನೂ ತಂದುಬಿಡ್ಲಾ? ಇಲ್ಲ ಟೆರೇಸಿಂದ ಬಿಟ್ಟುಬಿಡ್ಲಾ?"

ಮೊಬೈಲಿನ ಫೋಟೋದಲ್ಲಿ ಹಳದಿ ಒಂದು, ನೀಲಿ ಒಂದು. ನಮ್ಮ ಪೇಟೆಗಳಲ್ಲಿ ಲವ್ ಬರ್ಡ್ಸ್ ಎಂದು ಮಾರುವ ಬಹುಪಾಲು ಹಕ್ಕಿಗಳಂತೆ ಇವೂ ಬಡ್ಜರಿಗಾರ್‌ಗಳು. ಆಸ್ಟ್ರೇಲಿಯಾದ ಒಣ ಬಯಲಿನಲ್ಲಿ ಮಳೆಯ ಹಿಂದೆ ಹಿಂಡುಗಟ್ಟಿ ಅಲೆಯುವ ಕುಲ. 1840ರಲ್ಲಿ ಜಾನ್ ಗೂಲ್ಡ್ ಜೀವಂತ ಹಕ್ಕಿಗಳನ್ನು ಇಂಗ್ಲೆಂಡಿಗೆ ಒಯ್ದ ಮೇಲೆ ಪಂಜರದಲ್ಲೇ ತಲೆಮಾರುಗಳು ಕಳೆದವು.

"ಬಿಡಲೇಬೇಡಿ," ವೈದ್ಯೆಯ ದನಿ ಗಟ್ಟಿಯಾಗುತ್ತದೆ. "ಇಲ್ಲಿಯ ಹಕ್ಕಿ ಅಲ್ಲ ಅವು. ಸಂಜೆಯೊಳಗೆ ಕಾಗೆ, ಹದ್ದಿನ ಪಾಲು. ನಿಮ್ಮ ಹತ್ರಾನೇ ಇರಲಿ. ರೆಕ್ಕೆ ಕತ್ತರಿಸಿದೀರಾ?"

"ಕತ್ತರಿಸೋಣ ಅಂತಿದ್ವಿ. ಫ್ಯಾನಿಗೆ ಸಿಕ್ಕಿಬಿಟ್ರೆ ಅಂತ ಭಯ."

ಆ ಭಯ ಸುಳ್ಳಲ್ಲ. ನಮ್ಮ ಮನೆಗಳಲ್ಲಿ ತಲೆಯ ಮೇಲೆ ತಿರುಗುವ ಫ್ಯಾನು, ತೆರೆದ ಕಿಟಕಿ, ಕುದಿಯುವ ಸಾರು ಎಲ್ಲವೂ ಹಾರುವ ಹಕ್ಕಿಗೆ ಅಪಾಯವೇ. ನಾನ್‌ಸ್ಟಿಕ್ ಬಾಣಲೆ ಅತಿಯಾಗಿ ಕಾದರೆ ಅದರ ಹೊಗೆಯೇ ಕೊಲ್ಲುತ್ತದೆ. ಆದರೆ ಕತ್ತರಿಸಿದ ರೆಕ್ಕೆ ಈ ಅಪಾಯಗಳನ್ನು ತೆಗೆಯುವುದಿಲ್ಲ. ಮೋಟು ರೆಕ್ಕೆಯ ಹಕ್ಕಿ ಗಾಳಿಗೆ ಸಿಕ್ಕಿ ಬಾಲ್ಕನಿಯಾಚೆ ಹೋಗುವುದುಂಟು. ಆಗ ಅದು ಮೇಲೆ ಏರಲಾರದು, ನೆಲದಲ್ಲಿ ಬೆಕ್ಕಿಗೆ ಸಿಗುತ್ತದೆ. ಸೋಫಾದ ಹಿಂದೆ, ಕಾಲಡಿಯಲ್ಲಿ, ನಾಯಿಯ ಬಾಯಲ್ಲಿ ಸಿಗುವುದೂ ಅದೇ. ಫ್ಯಾನು ಆರಿಸುವುದು, ಕಿಟಕಿಗೆ ಜಾಲರಿ ಹಾಕುವುದು, ಅಡುಗೆಮನೆಯ ಬಾಗಿಲು ಮುಚ್ಚುವುದು ಮನುಷ್ಯ ಮಾಡಬಹುದಾದ ಕೆಲಸ. ಅದರ ಬದಲು ಹಕ್ಕಿಯ ಗರಿ ತೆಗೆಯುವುದನ್ನು ಸುರಕ್ಷತೆ ಎನ್ನಲಾಗದು.

"ಪಂಜರ ಎಷ್ಟಿದೆ?" ವೈದ್ಯೆ ಕೇಳುತ್ತಾರೆ.

ತಾಯಿ ಎರಡೂ ಕೈ ಅಗಲಿಸಿ ತೋರಿಸುತ್ತಾರೆ. ಒಂದಡಿ, ಮೇಲಕ್ಕೆ ಎರಡಡಿ. ಯುಟಿಲಿಟಿಯಲ್ಲಿ, ವಾಷಿಂಗ್ ಮೆಷಿನ್ ಮೇಲೆ.

"ಎತ್ತರ ಅವಕ್ಕೆ ಅಷ್ಟು ಬೇಕಾಗಿಲ್ಲ. ಹೆಲಿಕಾಪ್ಟರ್ ಅಲ್ಲ ಅವು, ಅಡ್ಡಡ್ಡ ಹಾರ್ತವೆ. ಉದ್ದ ಬೇಕು. ಕನಿಷ್ಠ ಮೂರಡಿ, ಆದಷ್ಟೂ ಹೆಚ್ಚು. ಎರಡು ತುದೀಲಿ ಮಾತ್ರ ಕೊಂಬೆ, ಮಧ್ಯ ಖಾಲಿ ಬಿಡಿ. ಸೀಬೆ, ಬೇವು ಯಾವುದಾದ್ರೂ ಸರಿ, ದಪ್ಪ ಸಣ್ಣ ಇರೋ ಕೊಂಬೆ. ಒಂದೇ ದಪ್ಪದ ಪ್ಲಾಸ್ಟಿಕ್ ಕೋಲಿನ ಮೇಲೆ ನಿಂತು ನಿಂತು ಕಾಲಲ್ಲಿ ಹುಣ್ಣಾಗುತ್ತೆ. ಕಂಬಿ ನಡುವೆ ಅರ್ಧ ಇಂಚಿಗಿಂತ ಹೆಚ್ಚು ಸಂದು ಬೇಡ. ದಿನಾ ಸ್ವಲ್ಪ ಹೊತ್ತು ಬಾಗಿಲು ಹಾಕಿ, ಫ್ಯಾನ್ ಆಫ್ ಮಾಡಿ, ರೂಮಲ್ಲಿ ಹಾರೋಕೆ ಬಿಡಿ. ಕಿಟಕಿ ಗಾಜಿಗೆ ಪರದೆ ಹಾಕಿ, ಇಲ್ಲಾಂದ್ರೆ ಬಡ್ಕೊಳ್ಳುತ್ತೆ. ತೆನೆ ಸಿಕ್ಕಿಸಿಡಿ, ಬಟ್ಟಲಿಗೆ ಸುರೀಬೇಡಿ."

1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಸೆಕ್ಷನ್ನಿನಲ್ಲಿ ಇದಕ್ಕೆ ಹೊಂದುವ ಒಂದು ಮಾತಿದೆ: ಓಡಾಡಲು ಸಾಕಷ್ಟು ಎತ್ತರ, ಉದ್ದ, ಅಗಲವಿಲ್ಲದ ಪಂಜರದಲ್ಲಿ ಯಾವ ಪ್ರಾಣಿಯನ್ನಿಟ್ಟರೂ ಅದು ಕ್ರೌರ್ಯ. ಈ ಕಾನೂನಿಗೆ ಅರವತ್ತು ವರ್ಷ ದಾಟಿದೆ. ಸಾಕುವವರ ಕೈಗೆ ಟೇಪು ಇನ್ನೂ ಬಂದಿಲ್ಲ. ಹಕ್ಕಿ ಕೊಳ್ಳಲು ಹೋದವರು ಬಣ್ಣ ಕೇಳುತ್ತಾರೆ, ಮಾತಾಡುತ್ತದೆಯೇ ಎಂದು ಕೇಳುತ್ತಾರೆ, ಕಚ್ಚುತ್ತದೆಯೇ ಎಂದು ಕೇಳುತ್ತಾರೆ. ಅದರ ರೆಕ್ಕೆ ಎಷ್ಟು ಅಗಲ, ನಮ್ಮ ಮನೆಯ ಗೋಡೆ ಎಷ್ಟು ಉದ್ದ ಎಂಬುದೇ ಮೊದಲ ಪ್ರಶ್ನೆಯಾಗಬೇಕು. ಕಚ್ಚುತ್ತದೆಯೇ ಎಂಬ ಪ್ರಶ್ನೆಯ ಉತ್ತರವೂ ಬಹುಮಟ್ಟಿಗೆ ಅದರಲ್ಲೇ ಇದೆ.

ತಾಯಿ ಅಲ್ಲಿಂದಲೇ ಮನೆಗೆ ಫೋನ್ ಮಾಡುತ್ತಾರೆ. "ರೀ, ಯುಟಿಲಿಟಿ ಗೋಡೆ ಎಷ್ಟುದ್ದ ಇದೆ ಅಳೆದು ಹೇಳಿ." ಆಚೆಯಿಂದ ಏನೋ ಆಕ್ಷೇಪ. "ಗೊತ್ತು, ಮೆಷಿನ್ ಇದೆ. ಅದನ್ನ ಬಾತ್‌ರೂಮ್ ಪಕ್ಕಕ್ಕೆ ಹಾಕ್ಸೋಣ, ಪೈಪ್ ಎಳೆಸಿದ್ರಾಯ್ತು. ನಂಗೆ ಆ ಗೋಡೆ ಪೂರ್ತಿ ಬೇಕು."